ತೇವ ಕಳೆದು

ಕಾಫಿ ಡಿಪೋದ ತಕ್ಕಡಿ ಖಾಲಿಯಿತ್ತು, ಊಟದ ಹೊತ್ತು.
ಮಗಳ ಶಾಲೆಚೀಲ ಇಟ್ಟೆ, ಸುಮ್ಮನೆ:
ಆರು ಕಿಲೋ ಮುನ್ನೂರು.
ಅವಳನ್ನೂ ನಿಲ್ಲಿಸಿದೆ: ಇಪ್ಪತ್ತೊಂದು.
"ತೇವ ಕಳೆಯಲ್ವಾ?" ಅಂದಳು ಕಳ್ಳಿ,
ಗೋಣಿಕೊಪ್ಪಲಿನ ಬೆಳೆಗಾರರ ಹಾಗೇ.

ಐವತ್ತರ ಮೂಟೆ ಇಳಿಸಿ ಕೂತಿದ್ದ ಮೊಯ್ದು ನಕ್ಕ.
ಮೂವತ್ತು ವರ್ಷ ಹೊತ್ತೂ
ಸಿಲ್ವರ್ ಮರದಷ್ಟು ನೆಟ್ಟಗೆ.
ನಾನು ಹೊತ್ತದ್ದು ರಸೀದಿ ಪುಸ್ತಕ;
ಕೊರಳು ಮಾತ್ರ
ಕಂಪ್ಯೂಟರಿಗೆ ಏನೋ ಗುಟ್ಟು ಹೇಳಹೋಗಿ
ಅಲ್ಲೇ ನಿಂತುಬಿಟ್ಟಿದೆ.

"ಸೊಂಟ ಅಲ್ಲ ಮೋಳೇ, ಮಂಡಿ ಬಗ್ಗಿಸು.
ಹೊರೆ ಬೆನ್ನಿಗೆ ಅಂಟಿರ್ಬೇಕು, ಕುಂಡೆಗೆ ಬಡೀಬಾರ್ದು."
ಜೋತಾಡುವ ಪಟ್ಟಿ ಎಳೆದು ಬಿಗಿದ.
ಇವತ್ತು ಬೇಡದ ನಾಲ್ಕು ಪುಸ್ತಕ ಹೊರಬಂದವು,
ನನ್ನ ಪರದೆಯ ಕೆಳಗೆ ಹೋದವು,
ಜೊತೆಗೊಂದು ಹಳೇ ಲೆಡ್ಜರು.

ಪರದೆ ಏರಿತು. ಕಣ್ಣೂ.
ಎಂಟು ವರ್ಷದಿಂದ ಎದುರಿಗೇ ಇದ್ದ ಕಿಟಕಿ:
ಒಂಟಿ ಬಿದಿರೇಣಿಯ ಮೇಲೆ ಯಾರೋ
ಮೆಣಸು ಕೊಯ್ಯುತ್ತ,
ಬರಿಗಾಲಲ್ಲಿ ಮುಂದಿನ ಗೆಣ್ಣು ತಡವುತ್ತಿದ್ದಾರೆ.

ಚೀಲ ಮತ್ತೆ ತೂಗಿದೆವು. ನಾಲ್ಕು ಚಿಲ್ಲರೆ.
"ರಸೀದಿ?" ಮಗಳ ಕೈ ಮುಂದೆ.
ಬರೆಯಲು ಬಗ್ಗಿದೆ.
ಹಿಂದೆ ಮೊಯ್ದು
ಕೆಮ್ಮಿದ.