ಮೈನಸ್ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು

ಅರಮನೆ ರಸ್ತೆಯ ಕಚೇರಿ, ಎರಡನೇ ಮಹಡಿ.
ಕಿಟಕಿಗೆ ಬೆನ್ನು ಹಾಕಿ ಕೂತು
ಮಳೆಯನ್ನು ಟೈಪು ಮಾಡುತ್ತೇನೆ.
ದಿನಗೂಲಿ, ದಿನಕ್ಕೆ ನಲವತ್ತು ಹಾಳೆ.

ಬೈಂಡು ಬಿಚ್ಚಿದ ಪುಸ್ತಕಗಳು,
ಹುಳ ತಿಂದ ಅಂಚು, ತುರಿಸುವ ಬೆರಳು.
ಯಾರು ಯಾರದೋ ಕೈಬರಹ:
ಏಳಕ್ಕೆ ಸೊಂಟಪಟ್ಟಿ, ಸೊನ್ನೆಗೆ ಜುಟ್ಟು.
ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಗುಣಿಸಿದರೆ
ಮುತ್ತಜ್ಜಿಯ ಕಾಲದ ಇಂಚು ಸೋನೆ
ಮಿಲಿಮೀಟರಾಗುತ್ತದೆ.

ಯಂತ್ರಕ್ಕೆ ಹಳೆಯ ಮಳೆ ಬೇಕಂತೆ.
ನೂರು ವರ್ಷದ್ದು ಉಣಿಸಿದರೆ
ನಾಳೆಯದನ್ನು ಅದೇ ಹೇಳುತ್ತದಂತೆ,
ವಾರ್ಡುವಾರು, ಗಂಟೆಗಂಟೆಗೆ.
ಹೀಗಂದವರು ಕೃಪಾವತಿ ಮೇಡಂ,
ಛತ್ರಿ ಮನೆಯಲ್ಲೇ ಮರೆತು ಬಂದ ದಿನ.

ಮೊದಲು ಅದೇ ಓದುತ್ತದೆ.
ಓದಲಾಗದ್ದು ನನ್ನ ಪಾಲು.
ಒಂದು ಪುಟದಲ್ಲಿ ಶಾಯಿ ಕದಡಿ ನೀಲಿ ಹೂವಾಗಿತ್ತು.
ಬರೆಯುವಾಗಲೇ ಬಿದ್ದ ಹನಿ
ತನ್ನ ಅಂಕಿಯನ್ನು ತಾನೇ ಒರೆಸಿಕೊಂಡು ಹೋಗಿತ್ತು.
ಯಂತ್ರ ಅದನ್ನು ಎಂಟು ಎಂದಿತ್ತು.

ಯಲ್ಲೋಜಿ ರಾವ್ ಎಂಬೊಬ್ಬರು.
ಕೆರೆ ಏರಿಯ ಮೇಲೆ ಅವರ ಮಾಪಕ.
ಹನ್ನೊಂದು ವರ್ಷ, ಬೆಳಗಿನ ಎಂಟಕ್ಕೆ.
ಷರಾ ಬರೆಯುವುದೆಂದರೆ ಪ್ರಾಣ:
"ಹನಿ ಬಿತ್ತು, ಅಳತೆಗೆ ಸಿಗಲಿಲ್ಲ."
"ಮಾಪಕದಲ್ಲಿ ಕಪ್ಪೆ. ಕಪ್ಪೆಯನ್ನು ತೆಗೆದು ಅಳೆದದ್ದು."
ಷರಾಕ್ಕೆ ನನ್ನ ಪರದೆಯಲ್ಲಿ ಖಾನೆ ಇಲ್ಲ.
ಕಪ್ಪೆ ಹೊರಗೇ ಉಳಿಯಿತು.

ಒಮ್ಮೆ ಹದಿನಾಲ್ಕು ದಿನವೂ ಒಂದೇ ಅಂಕಿ, ಹತ್ತು ಸೆಂಟು.
ಮಗಳ ಮದುವೆಯೋ, ಚಳಿಜ್ವರವೋ,
ಊರಲ್ಲಿರಲಿಲ್ಲ ಮಹರಾಯ.
ಗೊತ್ತಿದ್ದೂ ಹಾಕಿದೆ.
ಅವರ ಆ ಕಳ್ಳರಜೆ
ಈಗ ಯಂತ್ರದ ನೆನಪಿನಲ್ಲಿ ಮಳೆಗಾಲ.

ಆಮೇಲೆ ಒಂದು ಅಕ್ಟೋಬರು. ಐದು ದಿನ ಖಾಲಿ.
ಆರನೆಯ ದಿನ ಅದೇ ಕೈ, ಅಕ್ಷರ ಮಾತ್ರ ವಾಲಿದ್ದವು:
"ಏರಿ ಒಡೆಯಿತು. ಮಾಪಕ ಕೊಚ್ಚಿಹೋಯಿತು.
ಹೊಸದಕ್ಕೆ ಬರೆದುಕೊಂಡಿದೆ."

ಐದೂ ಕಡೆ ಸೊನ್ನೆ ಒತ್ತಿದ್ದೆ.
ಮೇಡಂ ಹೆಗಲ ಮೇಲಿಂದ ಬಗ್ಗಿ,
"ಖಾಲಿ ಅಂದ್ರೆ ಸೊನ್ನೆ ಅಲ್ಲ ಕಣಮ್ಮಾ.
ಮೈನಸ್ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಹಾಕು.
ಗೊತ್ತಿಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ."

ಐದು ಸಲ ಹಾಕಿದೆ.
ಅಳೆಯುವುದನ್ನೇ ನುಂಗಿದ ಮಳೆ
ಲೆಕ್ಕದಲ್ಲಿ ಇಲ್ಲ.

ಆ ಕೆರೆಯೂ ಇಲ್ಲ.
ನಾನು ಬಸ್ಸು ಬದಲಿಸುವ ಜಾಗ ಅದೇ ಇರಬೇಕು.
ನಾಲ್ಕು ಹನಿ ಬಿದ್ದರೆ ಸಾಕು, ನೀರು ಅಲ್ಲಿ
ಏನೋ ನೆನಪಾದವರ ಹಾಗೆ
ನಿಂತುಬಿಡುತ್ತದೆ.

ಲಗ್ಗೆರೆಯಲ್ಲಿ ನಮ್ಮದು ರಾಜಕಾಲುವೆಯಿಂದ ಮೂರನೇ ಮನೆ.
ಹೋದ ವರ್ಷದ ಗೆರೆ ಗೋಡೆಯ ಮೇಲಿದೆ,
ಸ್ವಿಚ್ ಬೋರ್ಡಿಗೆ ನಾಲ್ಕು ಬೆರಳು ಕೆಳಗೆ.
ಮಳೆ ಹುಯ್ದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ
ಅನ್ನುತ್ತಿದ್ದ ನಮ್ಮತ್ತೆ
ಆ ರಾತ್ರಿ ಮಂಚದ ಮೇಲೆ ಅಕ್ಕಿಚೀಲ ತಬ್ಬಿ ಕೂತವರು
ಆಮೇಲಿಂದ ಎರಡನೆಯ ಅರ್ಧ ಮಾತ್ರ ಅನ್ನುತ್ತಾರೆ.
ಕಚೇರಿಯ ಮಾಪಕದಲ್ಲಿ ಅರವತ್ತೊಂದು ಮಿಲಿಮೀಟರ್.
ಮರುದಿನ ಕೆಸರು ಬಳಿಯುತ್ತಿದ್ದೆ;
ಹಾಜರಿ ಪುಸ್ತಕದಲ್ಲಿ ನನ್ನ ಖಾನೆ ಖಾಲಿ.
ಸಂಬಳದ ಲೆಕ್ಕದಲ್ಲಿ
ಆ ಖಾಲಿಯನ್ನು ಸೊನ್ನೆ ಅಂದರು.

ಈ ಸಂಜೆ ಬಸ್‌ಸ್ಟಾಪಿನಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದವು:
ಮೂರು ಗಂಟೆಯೊಳಗೆ, ಗುಡುಗು ಸಹಿತ, ಪಶ್ಚಿಮ ವಲಯ.
ನಾನು ನಂಬಿದೆ. ಕೈಯಾರೆ ಉಣಿಸಿದವಳು, ನಂಬದೆ?
ಅತ್ತೆಗೆ ಫೋನು ಹಚ್ಚಿದೆ. ಅಕ್ಕಿ ಅಟ್ಟಕ್ಕೆ ಏರಿಸಿ,
ಮಳೆ ಗ್ಯಾರಂಟಿ, ಸರ್ಕಾರವೇ ಹೇಳಿದೆ.

"ಎಷ್ಟು ಬರುತ್ತಂತೆ?"
"ನಲವತ್ತು ಮಿಲಿಮೀಟರ್."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಟೀವಿ ಸದ್ದು.
ಆಮೇಲೆ ಕೇಳಿದರು,
"ಅದು ಮಂಚದ ಕಾಲಿಗೆ
ಎಲ್ಲಿಗೆ ಬರುತ್ತೆ?"