ಇಪ್ಪತ್ತೈದರ ಪೆಟ್ಟಿಗೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಗೋಣಿಚೀಲದ ಮಂಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ನಮ್ಮದು. ಬೋರ್ಡಿನ ಮೇಲೆ
'ಲೂರ್ದಪ್ಪ ಅಂಡ್ ಸನ್ಸ್, ಕೋವಿ ಮತ್ತು ತೋಟೆ.'
ಸನ್ಸ್ ಹುಟ್ಟಲಿಲ್ಲ. ಇರುವವಳು ನಾನೊಬ್ಬಳೇ,
ಜಸಿಂತಾ.

ಮೂರು ತಿಂಗಳಿಂದ ಕಪಾಟಿನಲ್ಲಿ
ಕೋವಿಗೆ ಹಚ್ಚುವ ಎಣ್ಣೆ, ನಳಿಗೆ ಒರೆಸುವ ಬಟ್ಟೆ,
ಒಂದು ಸತ್ತ ಜಿರಲೆ.
ತೋಟೆ ಇಲ್ಲ.

ಯಾಕಿಲ್ಲ ಎಂದು ಕೇಳಿದವರೇ
ಉತ್ತರವನ್ನೂ ತಂದಿರುತ್ತಾರೆ.
ಹೆತ್ತೂರಿನ ಧರ್ಮಣ್ಣ: "ಎಲ್ಲೋ ಯುದ್ಧವಂತೆ,
ಹಿತ್ತಾಳೆಯೆಲ್ಲ ಅತ್ತ ಹೋಯ್ತಂತೆ."
ನನಗೆ ಕಂಡದ್ದು ಹೆತ್ತೂರಿನ ಮನೆಮನೆಯ
ತಂಬಿಗೆ, ಗಿಂಡಿ, ತೂಗುದೀಪ
ಸಂಜೆಯ ದನಗಳ ಹಾಗೆ ಸಾಲುಗಟ್ಟಿ
ಗಡಿಯತ್ತ ನಡೆದದ್ದು.

ಅರೇಹಳ್ಳಿಯ ಉಸ್ಮಾನ್ ಬ್ಯಾರಿ: ಕಾರ್ಖಾನೆಯಲ್ಲಿ ಮುಷ್ಕರ.
ಆಲೂರಿನ ನಿವೃತ್ತ ಹವಾಲ್ದಾರರು ದನಿ ತಗ್ಗಿಸಿ,
"ಮದ್ದು ಮಾಡೋದು ಹತ್ತಿಯಿಂದ ತಾಯೀ,
ಈ ವರ್ಷ ಹತ್ತಿಯೇ ಬೆಳೆದಿಲ್ಲ."
ತಾಲ್ಲೂಕು ಕಚೇರಿಯ ಗುಮಾಸ್ತರು: ಚುನಾವಣೆ.
ಕೋವಿಗಳೆಲ್ಲ ಕತ್ತಿಗೆ ಚೀಟಿ ಕಟ್ಟಿಸಿಕೊಂಡು
ಠಾಣೆಯ ಗೋಡೆಗೆ ಒರಗಿ ನಿಂತಿವೆ,
ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆ.
ಅವು ಮನೆಗೆ ಬಾರದೆ ಸರಕೂ ಬಾರದು.

ಸಗಟು ವ್ಯಾಪಾರಿಯದು ಫೋನಿನಲ್ಲಿ ಒಂದೇ ಮಾತು:
"ದಾರಿಯಲ್ಲಿದೆ ಮೇಡಂ."
ಅದು ಯಾವ ದಾರಿಯೋ.
ಶಿರಾಡಿಯಲ್ಲಿ ಗುಡ್ಡ ಕುಸಿದಾಗಲೂ
ಇಷ್ಟು ದಿನ ಯಾವ ಲಾರಿಯೂ ನಿಂತಿರಲಿಲ್ಲ.

ಎಲ್ಲರದ್ದೂ ಚೂರುಚೂರು ನಿಜ.
ತಲೆಯಾಡಿಸಿದೆ. ಅಂಗಡಿಯವಳ ಕತ್ತು ಇರುವುದೇ ಅದಕ್ಕೆ.

ಅಪ್ಪನ ಕಾಲದಲ್ಲಿ ಹಿತ್ತಾಳೆಯ ಖಾಲಿ ತೋಟೆಗಳು
ಪಂಚೆಯ ಗಂಟಿನಲ್ಲಿ ವಾಪಸು ಬರುತ್ತಿದ್ದವು.
ರಾತ್ರಿ ಊಟವಾದ ಮೇಲೆ ದೀಪ ದೂರವಿಟ್ಟು
ಹೊಸ ಕೇಪು, ಮದ್ದು, ನಡುವೆ ಬಿರಡೆ, ಮೇಲೆ ಚರೆ;
ಮೇಣ ಸವರಿ ಬಾಯಿ ಮುಚ್ಚುವಾಗ ಅಪ್ಪ
"ತೋಟೆಗೆ ಏಳು ಜನ್ಮ ಜಸ್ಸೀ, ನಮಗೆ ಒಂದೇ" ಎನ್ನುತ್ತಿದ್ದ.
ಈಗಿನದು ಪ್ಲಾಸ್ಟಿಕ್ಕು. ಒಮ್ಮೆ ಸಿಡಿದು
ಕಾಫಿ ಗಿಡದ ಬುಡದಲ್ಲಿ ಕೆಂಪಗೆ ಬಿದ್ದರೆ
ಹಣ್ಣೆಂದು ಮಕ್ಕಳು ಆಯುತ್ತಾರೆ.
ತುಂಬಿಕೊಡೋಣವೆಂದರೆ
ಕೇಪಿಲ್ಲ, ಮದ್ದಿಲ್ಲ, ಅಪ್ಪನ ಕೈ ಇಲ್ಲ.

ನಿನ್ನೆ ರಾತ್ರಿ ರಿಜಿಸ್ಟರು ತೆರೆದು ಕೂತೆ.
ಧರ್ಮಣ್ಣ, ವರ್ಷಕ್ಕೆ ಐದು ಒಯ್ಯುತ್ತಿದ್ದವರು,
ಫೆಬ್ರವರಿಯಲ್ಲಿ ಇಪ್ಪತ್ತೈದು.
ಬ್ಯಾರಿ, ಇಪ್ಪತ್ತೈದು.
ಹವಾಲ್ದಾರರೂ ಇಪ್ಪತ್ತೈದು,
ಅವರ ಕೋವಿಯ ಕುದುರೆ ಮುರಿದು ನಾಲ್ಕು ವರ್ಷ.
ಗುಮಾಸ್ತರು ತಮ್ಮದೊಂದು, ಅಣ್ಣನದೊಂದು.
ಯಾರೋ ಒಬ್ಬರು ಆ ವಾರ
"ಮುಂದೆ ಸಿಗಲ್ಲವಂತೆ" ಅಂದಿರಬೇಕು.
ಅಂತೆ. ಎರಡೇ ಅಕ್ಷರ.
ಅದು ಸಿಡಿಯಲು ಯಾವ ಲೈಸೆನ್ಸೂ ಬೇಡ.

ಅಕ್ಕಿಯ ಡಬ್ಬದಲ್ಲಿ, ದೇವರಕೋಣೆಯ ಅಟ್ಟದಲ್ಲಿ,
ಮದುವೆಯ ಟ್ರಂಕಿನ ರೇಷ್ಮೆಯ ಕೆಳಗೆ
ನಾಲ್ಕು ತಾಲ್ಲೂಕಿನ ತೋಟೆಗಳು ಮಲಗಿವೆ.
ತೋಟದಲ್ಲಿ ಹಂದಿ. ತೋಟೆ ಡಬ್ಬದಲ್ಲಿ.

ಇವತ್ತು ಮಧ್ಯಾಹ್ನ ಯಸಳೂರಿನ ಚಿಕ್ಕತಾಯಮ್ಮ.
ಗಂಡನಿಂದ ತನ್ನ ಹೆಸರಿಗಾದ ಲೈಸೆನ್ಸು
ಹಾಲಿನ ಕವರಿನಲ್ಲಿ ಸುತ್ತಿ ತಂದಿದ್ದಳು.
"ಕೊಲ್ಲೋಕಲ್ಲವ್ವ, ಆಕಾಶಕ್ಕೆ ಹೊಡಿಯೋಕೆ.
ತಗಡು ಬಡಿದೂ ಬಡಿದೂ ಹಂದಿಗಳಿಗೆ ಗೊತ್ತಾಗಿದೆ
ಇದು ತಗಡು ಅಂತ.
ಎರಡು ಸಾಕು."

ಇಲ್ಲ ಅಂದೆ.
ಯಾಕೆ ಅಂತ ಅವಳೊಬ್ಬಳು ಕೇಳಲಿಲ್ಲ.
ಲೈಸೆನ್ಸನ್ನು ಮತ್ತೆ ಕವರಿಗೆ ಸುತ್ತಿ
ಮೆಟ್ಟಿಲಿಳಿದಳು.

ನನ್ನ ಕುರ್ಚಿಯ ಕೆಳಗೆ, ಬೀಗದ ಗೂಡಿನಲ್ಲಿ
ಒಂದು ಪೆಟ್ಟಿಗೆ ಇದೆ. ಸೀಲು ಒಡೆದಿಲ್ಲ. ಇಪ್ಪತ್ತೈದು.
ಫೆಬ್ರವರಿಯಲ್ಲೇ ತೆಗೆದಿಟ್ಟದ್ದು,
ನಿಜವಾಗಿ ಬೇಕಾದವರು ಬಂದರೆ ಇರಲಿ ಎಂದು.

ಯಸಳೂರಿನ ಬಸ್ಸು ನಾಲ್ಕೂಕಾಲಿಗೆ.
ಗಡಿಯಾರದಲ್ಲಿ ಮೂರೂ ಐವತ್ತು.
ಈ ಹಾಳು ಕೀಲಿಕೈ
ಎಲ್ಲಿಟ್ಟೆ.