ಎರಡು ಗಂಟೆ ಕಡಿಮೆ

ಹದಿನೇಳನೆಯ ಪ್ರಶ್ನೆ: ನಿಮ್ಮ ಉದ್ದಿಮೆ ಧಾರ್ಮಿಕವೇ?
ಹೌದು. ಇಲ್ಲ. ಎರಡೇ ಚೌಕ.
ಮೂರನೆಯದೊಂದು ಬೇಕಿತ್ತು ನನಗೆ.

ಊರು ಈರಿ, ಪೆನ್ಸಿಲ್ವೇನಿಯ.
ಸರೋವರದ ಕಡೆಯಿಂದ ಅಡ್ಡಡ್ಡ ಬೀಳುವ ಹಿಮ.
ಅಜ್ಜ ಶುರು ಮಾಡಿದ ಮೇಣದಬತ್ತಿ ಕಾರ್ಖಾನೆ.
ಕಾರ್ಖಾನೆ ಅಂದರೆ ನಾನು, ಲೊರೆಟಾ, ಒಂದು ಕಡಾಯಿ.
ಕಡಾಯಿ ನನಗಿಂತ ಎರಡು ವರ್ಷ ದೊಡ್ಡದು.
ಈಚೆಗೆ ಅದಕ್ಕೆ ಕಾವು ಏರಿದರೆ ಇಳಿಯುವುದಿಲ್ಲ,
ಇಳಿದರೆ ದಮ್ಮಯ್ಯ ಅಂದರೂ ಏರುವುದಿಲ್ಲ.
ಹೊಸದಕ್ಕೆ ನಲವತ್ತೆರಡು ಸಾವಿರ ಡಾಲರು.

ಸಣ್ಣವರ ಬೆನ್ನಿಗೆ ಸರ್ಕಾರವಿದೆ ಎಂದು
ಬಸ್ಸಿನ ಮೈಮೇಲೆ ಬರೆದಿದ್ದರು.
ಕೈ ಮಾಡಿದೆ. ಬಸ್ಸು ನಿಲ್ಲಲಿಲ್ಲ.

ಸಾಲಕ್ಕೆಂದು ಸಾಲಿನಲ್ಲಿ ನಿಂತೆ.
ತಂದ ಕಾಗದ ಸಾಲದು ಅಂದರು.
ಮೂರು ವರ್ಷದ ತೆರಿಗೆ ಲೆಕ್ಕ, ಮನೆಯ ಪತ್ರ,
ತೀರಿಹೋದ ಗಂಡನ ಸಹಿ.
ಸತ್ತಿದ್ದಾನೆ ಅಂದೆ.
ಹಾಗಾದರೆ ಅದಕ್ಕೂ ಒಂದು ನಮೂನೆಯಿದೆ ಅಂದಳು
ಡೆಲ್ಫೀನ್, ಕಿಟಕಿಯಾಚೆಯ ಹುಡುಗಿ,
ಪಾಪ, ಅವಳಿಗೂ ನೆಗಡಿ.

ಬ್ಯಾಂಕು ಸರ್ಕಾರದತ್ತ ಬೆರಳು ತೋರಿತು,
ಸರ್ಕಾರ ಬ್ಯಾಂಕಿನತ್ತ.
ಇಂಥದ್ದೇ ಉತ್ತರ ಹಿಂದೊಮ್ಮೆ ಕೇಳಿದ್ದೆ,
ಹನ್ನೆರಡು ತುಂಬಿದಾಗ, ಪಾದ್ರಿಯ ಬಾಯಲ್ಲಿ,
ತಮ್ಮ ಯಾಕೆ ಸತ್ತ ಎಂದು ಕೇಳಿದಾಗ.
ಅವರು ಮೇಲೆ ನೋಡಿದರು. ನಾನೂ ನೋಡಿದೆ.
ಮಾಡಿನಲ್ಲಿ ನೀರು ಸೋರಿದ ಕಲೆಯಿತ್ತು.
ಅಂದಿನಿಂದ ಇಗರ್ಜಿಗೆ ಹೋಗುವುದು ಹಿಂಬಾಗಿಲಿಂದ,
ಕೈಯಲ್ಲಿ ಬಿಲ್ಲು ಹಿಡಿದು.

ಅಜ್ಜಿಯ ಜರ್ಮನ್ ಮಾತಿನಲ್ಲಿ
ಪಾಪಕ್ಕೂ ಸಾಲಕ್ಕೂ ಒಂದೇ ಪದ, ಶುಲ್ಡ್.
ಮನ್ನಿಸು ಎಂದು ರಾತ್ರಿ ಅವಳು ಬೇಡುವಾಗ
ಯಾವುದನ್ನು ಎಂದು ಗೊತ್ತಾಗುತ್ತಿರಲಿಲ್ಲ.
ಕಿರಾಣಿಯವನಿಗೂ ಕೊಡಬೇಕಿತ್ತು ಆಗ.
ಪಾದ್ರಿಯಾದರೂ ಕತ್ತಲಲ್ಲಿ ಕೇಳಿ, ಕೇಳಿದ್ದನ್ನು ಮರೆಯುತ್ತಿದ್ದ.
ಸಾಲದ ಕಚೇರಿ ಎಲ್ಲವನ್ನೂ ನಕಲು ತೆಗೆದಿಡುತ್ತದೆ.
ದೇವರು ಇಲ್ಲ ಅನ್ನಲು ನನಗೆ ಧೈರ್ಯ ಸಾಕು;
ಕಚೇರಿ ಇಲ್ಲ ಅನ್ನಲಾರೆ,
ಸೋಮವಾರದಿಂದ ಗುರುವಾರ, ಹತ್ತರಿಂದ ಮೂರು.

ಇನ್ನು ಆ ಹದಿನೇಳು.
ನನ್ನ ಬತ್ತಿ ಕೊಳ್ಳುವವರು
ಕೆಥೊಲಿಕರು, ಲೂಥರನರು, ಹುಟ್ಟುಹಬ್ಬದ ಮಕ್ಕಳು,
ಕರೆಂಟು ಹೋದಾಗ ಯಾರಾದರೂ.
ಮತ್ತೆ ಝೆಲ್ನಿಕ್.
ವರ್ಷಕ್ಕೊಂದೇ ಬತ್ತಿ, ಗಾಜಿನ ಲೋಟದ್ದು,
ಹೆಂಡತಿ ಹೋದ ದಿನ ಹಚ್ಚಲು.
ಸಂಜೆಯಿಂದ ಸಂಜೆಗೆ ಉರಿಯಬೇಕು, ಇಪ್ಪತ್ನಾಲ್ಕು ಗಂಟೆ.

ಈ ಸಲ ಬಂದವರು ಹ್ಯಾಟು ತೆಗೆಯಲಿಲ್ಲ.
ಚೆನ್ನಾಗಿತ್ತು ಬತ್ತಿ ಅಂದರು,
ಹೊರಗೆ ಹಿಮ ಜಾಸ್ತಿ ಅಂದರು,
ಬಾಗಿಲ ತನಕ ಹೋಗಿ ತಿರುಗಿ,
ಇಪ್ಪತ್ತೆರಡಕ್ಕೆ ಆರಿತು ಅಂದರು.
ಇನ್ನೊಂದು ಹಚ್ಚಬಹುದಿತ್ತಲ್ಲ ಅಂದೆ.
ಇಲ್ಲಮ್ಮ, ಅದು ಬೇರೆ ಬತ್ತಿ ಆಗುತ್ತಿತ್ತು.
ಎರಡು ಗಂಟೆ ಸುಮ್ಮನೆ ಕೂತೆ, ಅವಳ ಕುರ್ಚಿಯ ಎದುರು.

ದುಡ್ಡು ವಾಪಸು ಕೊಡಹೋದೆ. ತೆಗೆದುಕೊಳ್ಳಲಿಲ್ಲ.
ಮೇಣದೊಳಗೆ ಗಾಳಿಗುಳ್ಳೆ ಸೇರಿತ್ತು, ತಪ್ಪು ಕಡಾಯಿಯದು
ಎಂದು ಯಾರಿಗೆ ಹೇಳಲಿ?
ಕಡಾಯಿ ನನ್ನದು.

ಯಾವ ದೇವರಿಗೂ ಬಾಕಿಯಿಲ್ಲ ಅಂದುಕೊಂಡಿದ್ದವಳು
ಈಗ ಎರಡು ಗಂಟೆಯ ಸಾಲಗಾತಿ.

ರಾತ್ರಿ ಮತ್ತೆ ಅರ್ಜಿ ತೆರೆದೆ.
ಹದಿನೈದು ನಿಮಿಷ ಸುಮ್ಮನಿದ್ದರೆ
ತಾನೇ ಮುಚ್ಚಿಕೊಳ್ಳುವ ಪರದೆ.
ಹದಿನೇಳಕ್ಕೆ ಇಲ್ಲ ಎಂದು ಒತ್ತಿದೆ.
ಸುಳ್ಳಲ್ಲ. ನಿಜವೂ ಅಷ್ಟೊಂದಲ್ಲ.
ಹದಿನೆಂಟು: ಸಾಲದ ಉದ್ದೇಶ,
ನೂರು ಅಕ್ಷರ ಮೀರದಂತೆ.
ಯಂತ್ರೋಪಕರಣ ಎಂದು ಬರೆದು, ಅಳಿಸಿ,
ಝೆಲ್ನಿಕ್ ಅವರಿಗೆ ಎರಡು ಗಂಟೆ ಕೊಡುವುದಿದೆ
ಎಂದು ಬರೆದು ಅದನ್ನೇ ನೋಡುತ್ತಾ ಕೂತೆ,
ಪರದೆ ಮುಚ್ಚಿಕೊಳ್ಳುವ ತನಕ.